ನಾಲ್ಕು ಗಂಟೆಗೆ ಮನೆಯಾಕೆ ಕುಳಿತಳು

ಮುನ್ನಾರಿನ ಎಲೆ, ಪೆರಿಯಾರಿನ ನೀರು, ವಾಳಕ್ಕುಳಂ ಅನಾನಸಿನ ಜಾಮು. ಕೊಚ್ಚಿ ಪಕ್ಕದ ಏಲೂರಿನಲ್ಲಿ, ನಮ್ಮ ಮನೆಯ ಸಿಟೌಟ್ ಎಂಬ ಮುಂಜಗಲಿಯಲ್ಲಿ ಒಂದು ಇಂಗ್ಲಿಷ್ ಚಹಾಕೂಟ. ಬೆಳ್ಳಿಯ ಪಾತ್ರೆ ಬೇಡ, ಬಟ್ಲರ್ ಬೇಡ. ನಿಯಮ ಒಂದೇ: ಅತಿಥಿಗಳು ಬಂದ ಮೇಲೆ ಎಣ್ಣೆಯ ಬಾಣಲೆ ಒಲೆ ಏರುವಂತಿಲ್ಲ!

ಇಡವಪ್ಪಾದಿಯ ಮುಂಗಾರು ಮಳೆ ಮಧ್ಯಾಹ್ನ ಎರಡಕ್ಕೆ ಬಿಡುವು ಕೊಟ್ಟಿತು. ಸಿಟೌಟಿನ ಕೆಂಪು ನೆಲ ಒರೆಸಿ, ಊಟದ ಮೇಜನ್ನು ನಾನೂ ಮಗಳೂ ಎಳೆದು ಹೊರಗೆ ತಂದೆವು. ಓಣಂಗೆಂದು ಕೊಂಡಿದ್ದ ಕಸವು ಎಂಬ ಜರಿಯಂಚಿನ ಮುಂಡು ಮೇಜುಬಟ್ಟೆಯಾಯಿತು. ಆರು ಕಪ್ಪು, ಆರು ಬಸಿ. ಒಂದರ ಹೂವು ಇನ್ನೊಂದರಲ್ಲಿಲ್ಲ. ನಡುವೆ ಬಿಳಿಯ ಟೀಪಾಟು.

ನಾಲ್ಕಕ್ಕೆ ಇನ್ನೂ ಐದು ನಿಮಿಷವಿತ್ತು. ಎದುರು ಮನೆಯ ಚೇಚಿ, ಅಂದರೆ ಅಕ್ಕ, ಬಂದವರೇ ಎಂದಿನಂತೆ ಸೀದಾ ಅಡುಗೆಮನೆಗೆ ನಡೆದರು. "ಎಂದಾ ಸಹಾಯಿಕ್ಕೇಂಡದ್?" ಏನು ಸಹಾಯ ಮಾಡಲಿ ಎಂದು ಸೆರಗು ಸಿಕ್ಕಿಸಿ ನಿಂತರು. ಒಲೆಯ ಮೇಲೆ ನೀರಿನ ಕೆಟ್ಲು ಒಂದೇ ಇತ್ತು. ಬಾಣಲೆ ಇಲ್ಲ, ಎಣ್ಣೆ ಇಲ್ಲ, ಕಲಸಿಟ್ಟ ಹಿಟ್ಟಿಲ್ಲ. ಚೇಚಿ ಒಲೆಯನ್ನೊಮ್ಮೆ, ನನ್ನನ್ನೊಮ್ಮೆ ನೋಡಿದರು.

"ಎಲ್ಲ ಆಗಿದೆ. ಬನ್ನಿ, ಕೂತುಕೊಳ್ಳೋಣ" ಎಂದೆ.

ನಾವು ನೆರೆಮನೆಯವರಾಗಿ ವರ್ಷಗಳೇ ಕಳೆದಿವೆ. ಅವರ ಮನೆಯಲ್ಲಿ ನಾನು, ನಮ್ಮ ಮನೆಯಲ್ಲಿ ಅವರು ಎಷ್ಟು ಸಲ ಚಾಯ ಕುಡಿದಿದ್ದೇವೋ ಲೆಕ್ಕವಿಲ್ಲ. ಆದರೆ ಮನೆಯಾಕೆ, ಅತಿಥಿ ಇಬ್ಬರೂ ಒಂದೇ ಹೊತ್ತಿಗೆ ಕುಳಿತು ಕುಡಿದದ್ದು ನನಗೆ ನೆನಪಿಲ್ಲ.

ಕೇರಳದಲ್ಲಿ ಸಂಜೆಯ ತಿಂಡಿಗೆ ಹೆಸರೇ 'ನಾಲುಮಣಿ ಪಲಹಾರಂ', ನಾಲ್ಕು ಗಂಟೆಯ ತಿಂಡಿ. ಬಾಳೆಹಣ್ಣು ಕರಿದ ಪಳಂಪೊರಿ, ಪರಿಪ್ಪುವಡ, ಸುಖಿಯನ್, ಇಲಯಡ. ಶಾಲೆಯಿಂದ ಮಕ್ಕಳು, ಪಾಳಿ ಮುಗಿಸಿ ಗಂಡಸರು ಬರುವ ಹೊತ್ತಿಗೆ ಇಡೀ ಓಣಿಯಲ್ಲಿ ಕಾದ ತೆಂಗಿನೆಣ್ಣೆಯ ಪರಿಮಳ. ನಾನು ಹುಟ್ಟಿ ಬೆಳೆದ ಕಾಸರಗೋಡು ಕಡೆಯ ಹವ್ಯಕ ಮನೆಗಳಲ್ಲಿ ಬಂದವರಿಗೆ ಮೊದಲ ಮಾತು, "ಆಸರಿಂಗೆ ಎಂತ ಆಯೆಕ್ಕು?" ಬಾಯಾರಿಕೆಗೆ ಏನಾಗಬೇಕು ಎಂಬ ಪ್ರಶ್ನೆ. ಉತ್ತರ ಬಾಯಿಗೆ ಬರುವ ಮೊದಲೇ ಬೆಲ್ಲದ ತುಂಡು, ನೀರಿನ ಚೊಂಬು ಎದುರಿಗಿರುತ್ತವೆ. ಇಂಥ ಸತ್ಕಾರ ಕಂಡು ಬೆಳೆದವರಿಗೆ ಅತಿಥಿಯನ್ನು ಆದರಿಸುವುದನ್ನು ಇಂಗ್ಲೆಂಡು ಕಲಿಸಬೇಕಾಗಿಲ್ಲ.

ಆದರೂ ಚಿಕ್ಕಂದಿನಿಂದ ನನ್ನನ್ನು ಚುಚ್ಚುತ್ತಿದ್ದ ಒಂದು ಸಂಗತಿ ಇದೆ. ಸತ್ಕಾರ ಮಾಡಿದವಳು ಸತ್ಕಾರದ ಜಾಗದಲ್ಲಿ ಇರುವುದೇ ಇಲ್ಲ. ಚಾವಡಿಯಲ್ಲಿ ನಗು, ಒಳಗೆ ಹೊಗೆ. ಬಿಸಿ ಇರುವಾಗಲೇ ತಿನ್ನಿ ಎಂದು ಅಮ್ಮ ಬಾಗಿಲ ಬಳಿ ಬಂದು ಹೇಳಿ ಮತ್ತೆ ಒಳಗೆ ಹೋಗುತ್ತಿದ್ದಳು. ಮಾತೆಲ್ಲ ಮುಗಿದು, ಬಂದವರು ಚಪ್ಪಲಿ ಮೆಟ್ಟುವ ಹೊತ್ತಿಗೆ ಹೊರಗೆ ಬಂದು, "ಇನ್ನು ಯಾವಾಗ ಬರ್ತೀರಿ?" ಎಂದು ಕೇಳುತ್ತಿದ್ದಳು.

ಇಂಗ್ಲಿಷರ ಮಧ್ಯಾಹ್ನದ ಚಹಾದಲ್ಲಿ ನನ್ನನ್ನು ಸೆಳೆದದ್ದು ಪಿಂಗಾಣಿಯಲ್ಲ. ಆ ಕೂಟದಲ್ಲಿ ಮನೆಯಾಕೆಗೆ ಒಂದು ಕುರ್ಚಿ ಇದೆ. ಟೀಪಾಟಿನ ಹಿಂದೆಯೇ ಇದೆ. ಅವಳು ಕುಳಿತ ಹೊರತು ಕೂಟ ಶುರುವಾಗುವುದಿಲ್ಲ.

ಸೊಂಟದ ಬೀಗದ ಕೈ

ಕತೆ ಸಾಮಾನ್ಯವಾಗಿ ಶುರುವಾಗುವುದು ಬೆಡ್‌ಫರ್ಡಿನ 7ನೇ ಡಚೆಸ್ ಆನಾ ಅವರಿಂದ. 1840ರ ಸುಮಾರು. ಸಿರಿವಂತರ ರಾತ್ರಿಯೂಟ ಎಂಟು ಗಂಟೆಯತ್ತ ಜಾರಿತ್ತು. ಮಧ್ಯಾಹ್ನದ ಅಲ್ಪಾಹಾರಕ್ಕೂ ಅದಕ್ಕೂ ನಡುವೆ ಡಚೆಸ್‌ಗೆ ಹಸಿವು ಕಾಡತೊಡಗಿತು. ಕೋಣೆಗೆ ಚಹಾ, ರೊಟ್ಟಿ, ಬೆಣ್ಣೆ ತರಿಸಿಕೊಂಡರು. ಆಮೇಲೆ ಗೆಳತಿಯರನ್ನು ಕರೆದರು. ವೋಬರ್ನ್ ಆ್ಯಬಿಯ ಆ ಕೋಣೆಯಿಂದ ಪದ್ಧತಿ ಊರಿಗೆಲ್ಲ ಹಬ್ಬಿತು ಎನ್ನುತ್ತಾರೆ.

ಆದರೆ ಸುರಿಯುವ ಕೆಲಸ ಮನೆಯಾಕೆಯದೇ ಏಕಾಯಿತು? ಸೇವಕರು ತುಂಬಿದ ಮನೆಯಲ್ಲಿ ಒಡತಿಯೇ ಕೆಟ್ಲು ಎತ್ತುವುದೆಂದರೆ ಸಣ್ಣ ಮಾತಲ್ಲ. ಇದರ ಬೇರು ಇನ್ನೂ ಹಿಂದಕ್ಕೆ, ಚಹಾ ಚಿನ್ನದಂತೆ ದುಬಾರಿಯಾಗಿದ್ದ ಕಾಲಕ್ಕೆ ಹೋಗುತ್ತದೆ. 1784ಕ್ಕೆ ಮೊದಲು ಬ್ರಿಟನ್ನಿನಲ್ಲಿ ಚಹಾದ ಮೇಲಿನ ತೆರಿಗೆ ನೂರಕ್ಕೆ 119. ಬೆಲೆಗಿಂತ ತೆರಿಗೆಯೇ ಹೆಚ್ಚು! ಎಲೆಯನ್ನು ಬೀಗವಿರುವ ಪೆಟ್ಟಿಗೆಯಲ್ಲಿ ಇಡುತ್ತಿದ್ದರು. ಆ ಪೆಟ್ಟಿಗೆಗೆ ಇಂಗ್ಲಿಷಿನಲ್ಲಿ 'ಕ್ಯಾಡಿ' ಎಂದು ಹೆಸರು; ಸುಮಾರು 600 ಗ್ರಾಂ ತೂಗುವ 'ಕಾಟಿ' ಎಂಬ ಮಲಯ ಅಳತೆಯಿಂದ ಬಂದ ಮಾತು. ಕೀಲಿ ಒಡತಿಯ ಬಳಿ. ಎಲೆ ಅಳೆಯುವುದು, ನೀರೆರೆಯುವುದು, ಸುರಿದು ಕೊಡುವುದು ಎಲ್ಲ ಅವಳ ಕೈಯಲ್ಲೇ, ಎಲ್ಲರ ಕಣ್ಣೆದುರೇ.

1784ರಲ್ಲಿ ತೆರಿಗೆ ಹನ್ನೆರಡೂವರೆಗೆ ಇಳಿಯಿತು. ಬೀಗ ಬೇಡವಾಯಿತು, ಆದರೆ ಕುರ್ಚಿ ಉಳಿಯಿತು. ಇಂದಿಗೂ ಇಂಗ್ಲೆಂಡಿನಲ್ಲಿ ನಾಲ್ಕು ಜನ ಸೇರಿದಾಗ ಟೀಪಾಟಿಗೆ ಕೈ ಹಾಕುವವರು, ಗಂಡಸಾಗಲಿ ಹೆಂಗಸಾಗಲಿ, "ನಾನು ಅಮ್ಮನಾಗಲೇ?" ಎಂದು ಕೇಳುವುದುಂಟು. ಸುರಿದು ಕೊಡುವವರೇ ಆ ಹೊತ್ತಿನ ಅಮ್ಮ.

ಕುಳಿತವಳ ಕೈಯಲ್ಲಿ ಬಲವೂ ಇತ್ತು. 1791ರಲ್ಲಿ ಗುಲಾಮರ ವ್ಯಾಪಾರ ನಿಲ್ಲಿಸುವ ಮಸೂದೆಯನ್ನು ಬ್ರಿಟಿಷ್ ಸಂಸತ್ತು ತಳ್ಳಿಹಾಕಿತು. ಹೆಂಗಸರಿಗೆ ಮತದ ಹಕ್ಕಿರಲಿಲ್ಲ. ಅವರು ಚಹಾದ ಮೇಜಿನಿಂದ ವೆಸ್ಟ್ ಇಂಡೀಸಿನ ಸಕ್ಕರೆಯನ್ನೇ ಎತ್ತಿಟ್ಟರು. ಗುಲಾಮರ ಬೆವರಿನ ಸಿಹಿ ನಮ್ಮ ಕಪ್ಪಿಗೆ ಬೇಡ ಎಂದರು. ಮುಂದೆ ಸಕ್ಕರೆ ಬಟ್ಟಲುಗಳ ಮೇಲೆಯೇ 'ಇದು ಗುಲಾಮರು ಮಾಡಿದ್ದಲ್ಲ' ಎಂದು ಬರೆಸುವಷ್ಟು ಆ ಚಳವಳಿ ಬೆಳೆಯಿತು. ಚಹಾಕೂಟ ಎಂದರೆ ಹೊತ್ತು ಹೋಗದ ಹೆಂಗಸರ ಹರಟೆ ಎನ್ನುವವರಿಗೆ ನಾನು ಈ ಕತೆ ಹೇಳುತ್ತೇನೆ.

> ಹೈ ಟೀ ಎಂದರೆ ಬೇರೆಯೇ
> ನಮ್ಮ ಹೋಟೆಲುಗಳು, ಮದುವೆ ಮನೆಗಳು 'ಹೈ ಟೀ' ಎಂದು ಕರೆಯುವುದು ಹೆಚ್ಚಾಗಿ ಮಧ್ಯಾಹ್ನದ ಚಹಾವನ್ನೇ. ಮೂಲದಲ್ಲಿ ಹೈ ಟೀ ದುಡಿಯುವ ಜನರ ಸಂಜೆಯೂಟ. ಗಿರಣಿ, ಗಣಿಗಳಿಂದ ಹಸಿದು ಬಂದವರು ಎತ್ತರದ ಊಟದ ಮೇಜಿನ ಮುಂದೆ ಕುಳಿತು ಮಾಂಸ, ಆಲೂಗಡ್ಡೆ, ರೊಟ್ಟಿಯ ಜೊತೆ ಗಟ್ಟಿ ಚಹಾ ಕುಡಿಯುತ್ತಿದ್ದರು. ಸಿರಿವಂತರ ಮಧ್ಯಾಹ್ನದ ಚಹಾ ನಡೆಯುತ್ತಿದ್ದುದು ಸೋಫಾಗಳ ನಡುವಿನ ತಗ್ಗು ಮೇಜಿನ ಸುತ್ತ.

ಮದುಮಗಳು ತಂದ ಚಹಾ, ಕೈತಪ್ಪಿದ ಕೊಚ್ಚಿ

ಮೇ 21 ವಿಶ್ವಸಂಸ್ಥೆ ಗೊತ್ತುಮಾಡಿದ ಅಂತರರಾಷ್ಟ್ರೀಯ ಚಹಾ ದಿನ. ಈ ತಾರೀಖಿಗೆ ಇನ್ನೊಂದು ಕತೆ ಅಂಟಿಕೊಂಡಿದೆ. ಹಳೆಯ ಪಂಚಾಂಗದಂತೆ 1662ರ ಮೇ 21ರಂದೇ ಪೋರ್ಚುಗಲ್ಲಿನ ರಾಜಕುಮಾರಿ ಕ್ಯಾಥರೀನ್, ಇಂಗ್ಲೆಂಡಿನ 2ನೇ ಚಾರ್ಲ್ಸ್ ದೊರೆಯ ಕೈಹಿಡಿದಳು. ಬಳುವಳಿಯಲ್ಲಿ ನಮ್ಮ ಮುಂಬಯಿ ಇತ್ತು. ಅವಳ ಜೊತೆ ಅವಳ ಚಹಾದ ರೂಢಿಯೂ ಹೋಯಿತು. ಇಂಗ್ಲಿಷರಿಗೆ ಚಹಾ ಅದಕ್ಕೆ ಮೊದಲೇ ತಿಳಿದಿತ್ತು. ಆದರೆ ಅರಮನೆಯ ಹೆಂಗಸರು ಸೇರಿ ಕುಡಿಯುವ ಪಾನೀಯವಾಗಿ ಅದಕ್ಕೆ ಮಾನ ಬಂದದ್ದು ಅವಳಿಂದ.

ಆಗ ನಮ್ಮ ಕೊಚ್ಚಿ ಕೋಟೆ ಪೋರ್ಚುಗೀಸರ ಕೈಯಲ್ಲಿತ್ತು. ಮದುವೆಯಾಗಿ ಎಂಟು ತಿಂಗಳೂ ಕಳೆದಿರಲಿಲ್ಲ, 1663ರ ಜನವರಿಯಲ್ಲಿ ಡಚ್ಚರು ಅದನ್ನು ಕಿತ್ತುಕೊಂಡರು. ಈ ಎಲೆಗಿರುವ ಎರಡು ಬಗೆಯ ಹೆಸರುಗಳನ್ನು ಕಡಲಾಚೆ ಒಯ್ದವರೂ ಈ ಇಬ್ಬರೇ. ಮಕಾವಿನಿಂದ ಪೋರ್ಚುಗೀಸರು ಒಯ್ದದ್ದು 'ಚಾ'. ಚೀನಾದ ಆಗ್ನೇಯ ಕರಾವಳಿಯ 'ತೆ' ಎಂಬ ಉಚ್ಚಾರವನ್ನು ಡಚ್ಚರು ಯುರೋಪಿಗೆ ಸಾಗಿಸಿದರು. ಇಂಗ್ಲಿಷರ 'ಟೀ' ಆದದ್ದು ಅದು. ನಮ್ಮ ಕರಾವಳಿಯ ಚಾ, ಮಲಯಾಳದ ಚಾಯ, ಬಯಲಿನ ಟೀ ಮೂರೂ ಇಂದು ನನ್ನ ಮೇಜಿನಲ್ಲಿ ಒಂದೇ ಟೀಪಾಟಿಗೆ ಸಲ್ಲುತ್ತವೆ.

ನದಿಯೊಂದೇ

ಏಲೂರು ಪೆರಿಯಾರಿನ ಕವಲುಗಳ ನಡುವಿನ ನೆಲ. ಹೊರಗಿನವರಿಗೆ ಇದು ಕಾರ್ಖಾನೆಗಳ ಊರು, ಉದ್ಯೋಗಮಂಡಲ. ಮಹಾಯುದ್ಧದ ಕಾಲದ ಅನ್ನದ ಬರಕ್ಕೆ ಉತ್ತರವಾಗಿ ಆಗಿನ ತಿರುವಾಂಕೂರು ರಾಜ್ಯದಲ್ಲಿ 1943ರಲ್ಲಿ ಹುಟ್ಟಿದ ಫ್ಯಾಕ್ಟ್ ಗೊಬ್ಬರದ ಕಾರ್ಖಾನೆ ಇಲ್ಲಿ 1947ರಲ್ಲಿ ಅಮೋನಿಯಂ ಸಲ್ಫೇಟ್ ತೆಗೆಯಿತು. ಅದೂ ಸೌದೆಯಿಂದ ಅನಿಲ ಮಾಡಿಕೊಂಡು. ಚಹಾ ಗಿಡ ಹುಳಿ ಮಣ್ಣಿನಲ್ಲಿ ಸೊಂಪಾಗಿ ಬೆಳೆಯುವಂಥದು. ತೋಟದವರು ಬಹುಕಾಲದಿಂದ ಮೆಚ್ಚಿದ ಗೊಬ್ಬರಗಳಲ್ಲಿ ಅಮೋನಿಯಂ ಸಲ್ಫೇಟ್ ಒಂದು. ಹಾಗಾಗಿ ನಮ್ಮೂರಿಗೂ ಚಹಾಕ್ಕೂ ನಂಟಿಲ್ಲ ಎಂದು ನನಗೆ ಯಾವತ್ತೂ ಅನಿಸಿಲ್ಲ.

ಅದಕ್ಕಿಂತ ಗಟ್ಟಿ ನಂಟು ನೀರಿನದು. ಮುನ್ನಾರಿನ ಚಹಾ ಗುಡ್ಡಗಳ ನಡುವೆ ಮೂರು ಹೊಳೆಗಳು ಸೇರುತ್ತವೆ. ಊರಿನ ಹೆಸರೇ ಅದನ್ನು ಹೇಳುತ್ತದೆ. ಅಲ್ಲಿಂದ ಮುದಿರಪ್ಪುಳ ಹೊಳೆ ಇಳಿದು ಬಂದು ಪೆರಿಯಾರನ್ನು ಸೇರುತ್ತದೆ. ಪೆರಿಯಾರು ಆಲುವಾ ದಾಟಿ ನಮ್ಮ ಮನೆಯ ಹಿಂದೆ ಹಾಯುತ್ತದೆ. ಚಹಾ ಗಿಡದ ಬುಡ ತೊಳೆದ ನೀರಿನ ಪಾಲೇ ಇಲ್ಲಿಯವರೆಗೆ ಬರುತ್ತದೆ.

ಎಲೆ ಮಾತ್ರ ಇಲ್ಲಿಗೆ ಬರಲು ಬಹಳ ಕಾಲ ಹಿಡಿಯಿತು. 1877ರಲ್ಲಿ ಬ್ರಿಟಿಷ್ ಅಧಿಕಾರಿ ಜಾನ್ ಡೇನಿಯಲ್ ಮನ್ರೋ ಪೂಂಜಾರಿನ ಅರಸರಿಂದ ಕಣ್ಣನ್ ದೇವನ್ ಬೆಟ್ಟಗಳನ್ನು ಗೇಣಿಗೆ ಪಡೆದ. 1880ರಲ್ಲಿ ಎ.ಎಚ್. ಶಾರ್ಪ್ ಪಾರ್ವತಿ ಎಸ್ಟೇಟಿನಲ್ಲಿ ಮೊದಲು ಚಹಾ ನೆಟ್ಟ. ಆಗ ಮುನ್ನಾರಿನ ಚಹಾ ಕೊಚ್ಚಿಯತ್ತ ಇಳಿಯುತ್ತಿರಲಿಲ್ಲ. ಕುಂಡಲ ಕಣಿವೆಯ ಪುಟ್ಟ ರೈಲಿನಲ್ಲಿ ಟಾಪ್ ಸ್ಟೇಷನ್ನಿಗೆ, ಅಲ್ಲಿಂದ ತೂಗುಹಗ್ಗದಲ್ಲಿ ತಮಿಳು ಬಯಲಿಗೆ, ಬೋಡಿನಾಯಕನೂರು ದಾಟಿ ತೂತುಕುಡಿ ಬಂದರಿಗೆ ಹೋಗುತ್ತಿತ್ತು. 1924ರ ಜುಲೈಯಲ್ಲಿ ಮಹಾಪ್ರವಾಹ ಬಂತು. ಕೊಲ್ಲವರ್ಷ 1099 ಆದ್ದರಿಂದ ಹಿರಿಯರ ಬಾಯಲ್ಲಿ ಇಂದಿಗೂ ಅದು 'ತೊಂಬತ್ತೊಂಬತ್ತರ ನೆರೆ'. ಮುನ್ನಾರಿನ ರೈಲು ಹಳಿಗಳ ಸಮೇತ ಕೊಚ್ಚಿಹೋಯಿತು. ಮತ್ತೆ ಓಡಲೇ ಇಲ್ಲ.

ಅದೇ ದಶಕದಲ್ಲಿ ಕೊಚ್ಚಿಯಲ್ಲಿ ಬ್ರಿಟಿಷ್ ಎಂಜಿನಿಯರ್ ರಾಬರ್ಟ್ ಬ್ರಿಸ್ಟೋ ಅಳಿವೆಯ ಮರಳುದಿಬ್ಬ ಕಡಿದು ಬಂದರು ಕಟ್ಟುತ್ತಿದ್ದ. 1928ರ ಮೇ 26ರಂದು 'ಪದ್ಮಾ' ಹಡಗು ಆ ಹೊಸ ಒಳಬಂದರಿಗೆ ಬಂತು. ಅಗೆದು ತೆಗೆದ ಹೂಳಿನಿಂದ ಎದ್ದ ದ್ವೀಪವೇ ವಿಲಿಂಗ್ಡನ್ ಐಲೆಂಡ್. 1947ರಲ್ಲಿ ಕೊಚ್ಚಿಯಲ್ಲಿ ಚಹಾದ ಹರಾಜು ಶುರುವಾಯಿತು. ಅಲ್ಲಿಯವರೆಗೆ ದಕ್ಷಿಣದ ಎಲೆಗೆ ಬೆಲೆ ಕಟ್ಟುವವರು ದೂರದಲ್ಲಿದ್ದರು. ಆಮೇಲೆ ಹಡಗುಕಟ್ಟೆಯ ಪಕ್ಕದಲ್ಲೇ ಕುಳಿತರು. ಲಂಡನ್ನಿನ ಚಹಾ ಹರಾಜು 1998ರಲ್ಲಿ ಬಾಗಿಲು ಹಾಕಿತು. ಕೊಚ್ಚಿಯದು ಇನ್ನೂ ನಡೆಯುತ್ತಿದೆ, ಈಗ ಗಣಕದ ಪರದೆಯ ಮೇಲೆ.

ಬ್ರಿಸ್ಟೋ ಹೆಸರು ಬಂದಾಗ ಅವನ ಹೆಂಡತಿ ಗರ್ಟ್ರೂಡ್ ಹೆಸರನ್ನೂ ಹೇಳಲೇಬೇಕು. ಬಿಳಿಯರ ಕ್ಲಬ್ಬುಗಳಿಗೆ ಭಾರತೀಯರು ಕಾಲಿಡಲಾಗದ ಕಾಲ ಅದು. ಎರಡೂ ಕಡೆಯವರು ಒಟ್ಟಿಗೆ ಕೂರಬಹುದಾದ ಜಾಗ ಬೇಕೆಂದು ಈ ದಂಪತಿ 1931ರಲ್ಲಿ ಎರ್ನಾಕುಳಂನಲ್ಲಿ ಲೋಟಸ್ ಕ್ಲಬ್ ಕಟ್ಟಿದರು. ಚಹಾದ ಮೇಜಿಗೆ ಯಾರನ್ನು ಕೂರಿಸುತ್ತೇವೆ ಎಂಬುದು ಇಲ್ಲಿ ಯಾವತ್ತೂ ದೊಡ್ಡ ಪ್ರಶ್ನೆಯೇ.

ಎಲೆ ಬೇರೆ, ಪುಡಿ ಬೇರೆ

ಬೆಟ್ಟದ ಎಲೆ ನಮ್ಮ ಪಕ್ಕದ ಬಂದರಿನಿಂದ ಹಡಗೇರಿತು. ನಮ್ಮ ಅಡುಗೆಮನೆಗೆ ಬಂದದ್ದು ಪುಡಿ. ಇದನ್ನು ದೂರಾಗಿ ಹೇಳುತ್ತಿಲ್ಲ. ಚಾಯಕ್ಕಡೆ ಎಂಬ ಚಹಾದಂಗಡಿಯ ಸಮಾವರಿನ ಕುದಿನೀರು, ಬಟ್ಟೆಯ ಸೋಸುಚೀಲ, ಎತ್ತಿ ಸುರಿಯುವ ಗಟ್ಟಿ ಹಾಲು ಇವುಗಳಿಗೆ ಪುಡಿಯೇ ಸರಿ. ಕಣ ಸಣ್ಣದಾದಷ್ಟೂ ಬಣ್ಣ, ಕಸುವು ಬೇಗ ಬಿಡುತ್ತದೆ. 1930ರ ದಶಕದಲ್ಲಿ ಅಸ್ಸಾಮಿನಲ್ಲಿ ವಿಲಿಯಂ ಮೆಕರ್ಚರ್ ರೂಪಿಸಿದ, ಎಲೆಯನ್ನು ಜಜ್ಜಿ, ಹರಿದು, ಸುರುಳಿ ಮಾಡುವ ಸಿಟಿಸಿ ಯಂತ್ರ ಇಂಥ ಚಹಾವನ್ನು ಅಗ್ಗ ಮಾಡಿತು. ಅದೇ ದಶಕದಲ್ಲಿ ವಿದೇಶಿ ಮಾರುಕಟ್ಟೆ ಕುಸಿದಿತ್ತು. 1903ರ ಚಹಾ ಸೆಸ್ಸಿನ ದುಡ್ಡಿನಿಂದ ಪ್ರಚಾರಕರು ಊರೂರಿಗೆ ಹೋಗಿ ಚಹಾ ಕಾಯಿಸುವುದನ್ನು ಕಲಿಸಿದರು. ಭಾರತದ ಜನಸಾಮಾನ್ಯರು ಚಹಾ ಕುಡಿಯಲು ಕಲಿತದ್ದು ಬಹುಪಾಲು ಆಮೇಲೆಯೇ.

ಆದರೆ ಟೀಪಾಟಿಗೆ ಪುಡಿ ಹಾಕಿದರೆ ಐದು ನಿಮಿಷದಲ್ಲಿ ಕಹಿ ಕಷಾಯ. ಅಲ್ಲಿಗೆ ಬೇಕಾದ್ದು ಇಡಿ ಎಲೆ, ಅಂಗಡಿಯವರು 'ಆರ್ಥೊಡಾಕ್ಸ್' ಎನ್ನುವುದು. ನಮ್ಮ ಕೂಟಕ್ಕೆ ಮುನ್ನಾರಿನ ಎಲೆಯನ್ನೇ ತಂದಿದ್ದೆ. ಪೊಟ್ಟಣ ಬಿಚ್ಚಿದಾಗ ಚೇಚಿ ಮೂಸಿ ನೋಡಿ, ಇದು ಚಾಯಪ್ಪುಡಿಯೇ ಅಲ್ಲ ಎಂದರು. ಅಷ್ಟು ಹತ್ತಿರದ ಬೆಟ್ಟದ ಎಲೆಯ ನಿಜವಾದ ಪರಿಮಳ ಅವರಿಗೆ ಹೊಸದು. ನನಗಂತೂ ಆ ಕ್ಷಣಕ್ಕೇ ಇಡೀ ಕೂಟ ಸಾರ್ಥಕವೆನಿಸಿತು.

> ಆರು ಕಪ್ಪಿನ ಲೆಕ್ಕ
> ನಲ್ಲಿಯಿಂದ ಆಗತಾನೇ ಹಿಡಿದ ನೀರು 900 ಮಿಲಿಲೀಟರ್. ಮೊದಲೇ ಕುದಿಸಿ ಆರಿಸಿಟ್ಟದ್ದು ಬೇಡ, ಚಹಾ ಸಪ್ಪೆಯಾಗುತ್ತದೆ. ಕುದಿನೀರಿನಲ್ಲಿ ಟೀಪಾಟನ್ನು ಒಮ್ಮೆ ತೊಳೆದು ಬಿಸಿ ಮಾಡಿ ಚೆಲ್ಲಿ. ಕಪ್ಪಿಗೊಂದರಂತೆ ಆರು ಟೀ ಚಮಚ ಎಲೆ. ನೀರು ಕೊತಕೊತ ಕುದಿಯುತ್ತಿರುವಾಗಲೇ ಸುರಿಯಿರಿ. ಮುಚ್ಚಳ ಹಾಕಿ, ಮೇಲೊಂದು ದಪ್ಪ ಬಟ್ಟೆ ಹೊದಿಸಿ ನಾಲ್ಕು ನಿಮಿಷ ಬಿಡಿ. ಒಂದು ಸಲ ಕದಡಿ, ಜಾಲರಿಯಲ್ಲಿ ಸೋಸಿ ಸುರಿಯಿರಿ. ಪಕ್ಕದಲ್ಲೊಂದು ಜಗ್ಗು ಬಿಸಿನೀರು ಇರಲಿ. ಲಘು ಚಹಾ ಬೇಕೆಂದವರಿಗೆ ಅದನ್ನು ಬೆರೆಸಿ ಕೊಡಬಹುದು. ಒಲೆಯ ಮೇಲೆ ಎಲೆಯನ್ನು ಕುದಿಸಬೇಡಿ.

ಹಾಲು ಮೊದಲೋ ಆಮೇಲೋ ಎಂಬ ಜಗಳ ಇಂಗ್ಲೆಂಡಿನಲ್ಲಿ ಇನ್ನೂ ಮುಗಿದಿಲ್ಲ. ಬಿಹಾರದ ಮೋತಿಹಾರಿಯಲ್ಲಿ ಹುಟ್ಟಿದ ಲೇಖಕ ಜಾರ್ಜ್ ಆರ್ವೆಲ್, 1946ರ ಜನವರಿಯಲ್ಲಿ ಒಳ್ಳೆಯ ಚಹಾಕ್ಕೆ 11 ನಿಯಮ ಬರೆದ. ಯುದ್ಧ ಮುಗಿದಿದ್ದರೂ ಬ್ರಿಟನ್ನಿನಲ್ಲಿ ಚಹಾಕ್ಕೆ ಪಡಿತರವಿದ್ದ ದಿನಗಳು. ಹಾಲು ಕೊನೆಗೆ, ಸಕ್ಕರೆ ಬೇಡವೇ ಬೇಡ ಎಂಬುದು ಅವನ ಪಟ್ಟು. 1980ರ ಅಂತರರಾಷ್ಟ್ರೀಯ ಮಾನಕ ಐಎಸ್‌ಒ 3103 ರುಚಿ ಪರೀಕ್ಷಕರಿಗೆ 100 ಮಿಲಿಲೀಟರಿಗೆ 2 ಗ್ರಾಂ ಎಲೆ, ಆರು ನಿಮಿಷ ಎಂದು ಗೊತ್ತುಮಾಡಿತು. ನಾನು ಆರ್ವೆಲ್ ಪಕ್ಷ, ಹಾಲಿನ ಮಟ್ಟಿಗೆ. ಮೊದಲು ಚಹಾದ ಬಣ್ಣ ಕಾಣಬೇಕು. ಆಮೇಲೆ ಎಷ್ಟು ಹಾಲು ಎಂಬುದನ್ನು ಕುಡಿಯುವವರೇ ತೀರ್ಮಾನಿಸಬೇಕು.

ಕಾಯಬಲ್ಲ ತಿಂಡಿ

ಇಂಗ್ಲಿಷ್ ಚಹಾದ ತಿಂಡಿಗಳನ್ನು ಸಪ್ಪೆ ಎನ್ನುವವರಿದ್ದಾರೆ. ಅವುಗಳ ಗುಣ ಬೇರೆಡೆ ಇದೆ: ಅವು ಕಾಯುತ್ತವೆ. ಬಜ್ಜಿ ಕಾಯುವುದಿಲ್ಲ, ಪಳಂಪೊರಿ ಕಾಯುವುದಿಲ್ಲ. ಸ್ಯಾಂಡ್‌ವಿಚ್ಚು, ಸ್ಕೋನು, ಕೇಕು ಮನೆಯಾಕೆ ಕುಳಿತುಕೊಳ್ಳುವವರೆಗೆ ಮಾತ್ರವಲ್ಲ, ಅವಳು ಒಂದು ಮಾತು ಆಡಿ ಮುಗಿಸುವವರೆಗೂ ಕಾಯುತ್ತವೆ.

ಸೌತೆಕಾಯಿಯ ಸ್ಯಾಂಡ್‌ವಿಚ್ಚಿನಲ್ಲಿ ಇರುವುದು ಮೂರೇ ವಸ್ತು, ಆದ್ದರಿಂದ ಮೂರೂ ಚೆನ್ನಾಗಿರಬೇಕು. ಎಳೆ ಮುಳ್ಳುಸೌತೆಯನ್ನು ಕಾಗದದಷ್ಟು ತೆಳ್ಳಗೆ ಹೆಚ್ಚಿ, ಉಪ್ಪು ಸವರಿ ಇಪ್ಪತ್ತು ನಿಮಿಷ ಬಿಟ್ಟು, ಬಟ್ಟೆಯಲ್ಲಿ ಹಿಂಡಿದೆ. ಬೆಣ್ಣೆಯನ್ನು ಬ್ರೆಡ್ಡಿನ ಅಂಚಿನವರೆಗೂ ಹಚ್ಚಬೇಕು. ಅದು ರುಚಿಗಷ್ಟೇ ಅಲ್ಲ. ಸೌತೆಯ ನೀರು ಬ್ರೆಡ್ಡಿಗೆ ಇಳಿಯದಂತೆ ತಡೆಯುವ ಗೋಡೆ ಅದೇ. ಸುತ್ತಲಿನ ಕಂದು ಅಂಚು ಕೊಯ್ದು, ಮೂರು ಬೆರಳುಗಳಂತೆ ಉದ್ದುದ್ದ ಕತ್ತರಿಸಿ, ಒದ್ದೆ ಬಟ್ಟೆ ಹೊದಿಸಿಟ್ಟರೆ ಎರಡು ಗಂಟೆ ಮೆತ್ತಗಿರುತ್ತದೆ.

ಸ್ಕೋನಿಗೆ ಕೆನೆ, ಜಾಮು ಬೇಕು. ಡೆವನ್ನಿನವರು ಕೆನೆ ಹಚ್ಚಿ ಅದರ ಮೇಲೆ ಜಾಮು ಇಡುತ್ತಾರೆ. ಪಕ್ಕದ ಕಾರ್ನ್‌ವಾಲಿನವರು ಜಾಮಿನ ಮೇಲೆ ಕೆನೆ. ಅವರ ಆ ಗಟ್ಟಿ ಕೆನೆ ನಮ್ಮ ಮಾರುಕಟ್ಟೆಯಲ್ಲಿ ಸಿಗುವುದಿಲ್ಲ, ಸಿಗಬೇಕಾಗಿಯೂ ಇಲ್ಲ. ಅದನ್ನು ಮಾಡುವುದೂ ಸಣ್ಣ ಉರಿಯಲ್ಲಿ ಕಾಯಿಸಿ, ತಣಿಸಿ, ಮೇಲಿನ ಪದರ ಎತ್ತಿಯೇ. ಹಾಲು ಕಾಯಿಸುವ ಎಲ್ಲ ಕನ್ನಡ ಮನೆಗಳಿಗೂ ಗೊತ್ತಿರುವ ಕೆಲಸ. ನಾಲ್ಕು ದಿನ ಎಮ್ಮೆ ಹಾಲಿನ ಕೆನೆ ಕೂಡಿಟ್ಟು, ಚಮಚದಲ್ಲಿ ನಾಲ್ಕು ಸಲ ತಿರುವಿದೆ, ಅಷ್ಟೇ.

ಜಾಮಿಗೆ ಸ್ಟ್ರಾಬೆರಿ ಹುಡುಕಲಿಲ್ಲ. ಮೂವಾಟ್ಟುಪುಳ ಬಳಿಯ ವಾಳಕ್ಕುಳಂ ಅನಾನಸಿಗೆ ಭೌಗೋಳಿಕ ಗುರುತಿನ ಮಾನ್ಯತೆ ಇದೆ; ಅದರ ಸಿಹಿಗೆ ಸಕ್ಕರೆಯೂ ಕಡಿಮೆ ಸಾಕು. ತುರಿದು, ನಿಂಬೆರಸ ಹಿಂಡಿ, ಎಳೆಪಾಕ ಬರುವವರೆಗೆ ಕಾಯಿಸಿದ್ದೆ. ಇದು ಇಂಗ್ಲಿಷ್ ಕೂಟವಾಗುತ್ತದೆಯೇ ಎಂದು ಮಗಳು ಕೇಳಿದಳು. ನಾನು ತಲಶ್ಶೇರಿಯ ಕತೆ ಹೇಳಿದೆ.

1880ರಲ್ಲಿ ಮಂಬಳ್ಳಿ ಬಾಪು ಅಲ್ಲಿ ರಾಯಲ್ ಬಿಸ್ಕತ್ ಫ್ಯಾಕ್ಟರಿ ತೆರೆದರು. 1883ರಲ್ಲಿ ಅಂಜರಕಂಡಿ ತೋಟದ ಮರ್ಡಕ್ ಬ್ರೌನ್ ಇಂಗ್ಲೆಂಡಿನಿಂದ ತಂದ ಕ್ರಿಸ್‌ಮಸ್ ಕೇಕು ಕೊಟ್ಟು, ಇಂಥದ್ದೊಂದು ಮಾಡಿ ಎಂದನಂತೆ. ಬಾಪು ಬ್ರಾಂದಿಯ ಬದಲು ಊರಿನ ಗೇರುಹಣ್ಣು, ಕದಳಿ ಬಾಳೆಯ ಮದ್ಯ ಹಾಕಿ ಮಾಡಿದರು. ತಿಂದ ಬ್ರೌನ್ ಮೆಚ್ಚಿ ಒಂದು ಡಜನ್ ಕೇಕಿಗೆ ಹೇಳಿದ ಎಂದು ತಲಶ್ಶೇರಿ ಇಂದಿಗೂ ಹೆಮ್ಮೆಯಿಂದ ಹೇಳಿಕೊಳ್ಳುತ್ತದೆ. ಭಾರತದ ಮೊದಲ ಕ್ರಿಸ್‌ಮಸ್ ಕೇಕು ಎಂದು ಹೆಸರಾದದ್ದೇ ಊರಿನ ಹಣ್ಣು ಬೆರೆತದ್ದು.

> ಮೊಟ್ಟೆ ಇಲ್ಲದ ಸ್ಕೋನು, ಹನ್ನೆರಡು
> ಮೈದಾ 250 ಗ್ರಾಂ, ಬೇಕಿಂಗ್ ಪೌಡರ್ 3 ಟೀ ಚಮಚ, ಸಕ್ಕರೆ 30 ಗ್ರಾಂ, ಚಿಟಿಕೆ ಉಪ್ಪು, ಫ್ರಿಜ್ಜಿನಿಂದ ಆಗತಾನೇ ತೆಗೆದ ಬೆಣ್ಣೆ 50 ಗ್ರಾಂ, ಹಾಲು 150 ಮಿಲಿಲೀಟರ್. ಬೆರಳ ತುದಿಯಲ್ಲಿ ಬೆಣ್ಣೆಯನ್ನು ಹಿಟ್ಟಿಗೆ ಉಜ್ಜಿ ರವೆಯಂತೆ ಮಾಡಿ. ಹಾಲು ಹಾಕಿ ಮುದ್ದೆ ಕೂಡಿದರೆ ಸಾಕು. ಚಪಾತಿ ಹಿಟ್ಟಿನಂತೆ ನಾದಿದರೆ ಗಟ್ಟಿಯಾಗುತ್ತದೆ. ಎರಡೂವರೆ ಸೆಂಟಿಮೀಟರ್ ದಪ್ಪಕ್ಕೆ ತಟ್ಟಿ, ಸಣ್ಣ ಲೋಟದ ಬಾಯಿಂದ ನೇರವಾಗಿ ಒತ್ತಿ ಕತ್ತರಿಸಿ. 220 ಡಿಗ್ರಿ ಬಿಸಿಯಾದ ಓವನ್ನಿನಲ್ಲಿ 12ರಿಂದ 15 ನಿಮಿಷ. ಬಟ್ಟೆಯಲ್ಲಿ ಸುತ್ತಿಟ್ಟರೆ ಮೆತ್ತಗೆ ಉಳಿಯುತ್ತವೆ. ಈ ಬೇಕಿಂಗ್ ಪೌಡರನ್ನು 1843ರಲ್ಲಿ ಕಂಡುಹಿಡಿದ ಆಲ್‌ಫ್ರೆಡ್ ಬರ್ಡ್ ಹಾಗೆ ಮಾಡಿದ್ದು ಯೀಸ್ಟ್ ಒಗ್ಗದ ತನ್ನ ಹೆಂಡತಿಗಾಗಿ.

ತಿನ್ನುವುದರಲ್ಲೂ ಒಂದು ಕ್ರಮವಿದೆ. ಮೊದಲು ಉಪ್ಪಿನದು, ಆಮೇಲೆ ಸ್ಕೋನು, ಕೊನೆಗೆ ಕೇಕು. ಮೂರಂತಸ್ತಿನ ತಟ್ಟೆಯಿದ್ದರೆ ಕೆಳಗಿನಿಂದ ಮೇಲಕ್ಕೆ. ನಮ್ಮಲ್ಲಿ ಅದಿರಲಿಲ್ಲ, ಮೂರು ಸ್ಟೀಲ್ ತಟ್ಟೆಗಳಿಗೆ ಬಾಳೆಲೆ ಹಾಸಿದೆವು.

ಕೆಸರು ತೊಳೆದ ಕಪ್ಪುಗಳು

ಆ ಹೊಂದದ ಕಪ್ಪುಗಳನ್ನು ಮಟ್ಟಾಂಚೇರಿಯ ಜ್ಯೂ ಟೌನಿನ ಹಳೆಸಾಮಾನು ಅಂಗಡಿಗಳಲ್ಲಿ ವರ್ಷಕ್ಕೊಂದರಂತೆ ಕೊಂಡಿದ್ದೆ. ಯಾವ ಮನೆಯಿಂದ ಬಂದವೋ. ಎರಡು ಮಾತ್ರ ಬೋನ್ ಚೈನಾ. ಬೆಳಕಿಗೆ ಹಿಡಿದರೆ ಆಚೆಯ ಬೆರಳಿನ ನೆರಳು ಕಾಣುತ್ತದೆ.

2018ರ ಆಗಸ್ಟಿನಲ್ಲಿ ಪೆರಿಯಾರು ಏಲೂರಿಗೆ ನುಗ್ಗಿತು. ನಾವು ಉಟ್ಟ ಬಟ್ಟೆಯಲ್ಲಿ ಹೊರಟು ಶಾಲೆಯೊಂದರ ಪರಿಹಾರ ಶಿಬಿರ ಸೇರಿದೆವು. ಅಲ್ಲಿ ಹುಡುಗರು ದೊಡ್ಡ ಅಲ್ಯೂಮಿನಿಯಂ ಚರಿಗೆಯಲ್ಲಿ ಕಟ್ಟನ್ ಚಾಯ ಕಾಯಿಸಿ, ಸಾಲಾಗಿ ಕುಳಿತ ನಮಗೆಲ್ಲ ಸ್ಟೀಲ್ ಲೋಟದಲ್ಲಿ ಕೊಟ್ಟರು. ಹಾಲಿಲ್ಲ, ಸಕ್ಕರೆ ಹೆಚ್ಚು. ಪಕ್ಕದ ಓಣಿಯ ನಿವೃತ್ತ ಟೀಚರ್ ಲೋಟವನ್ನು ಎರಡೂ ಕೈಯಲ್ಲಿ ಹಿಡಿದು ಬಹಳ ಹೊತ್ತು ಕುಡಿಯದೆ ಕುಳಿತಿದ್ದರು, ಬಿಸಿಗೆ. ನೀರು ಇಳಿದ ಮೇಲೆ ಮನೆಯ ಕೆಸರು ಬಳಿಯಲು ಬಂದವರೂ ಅವರೇ; ಜೊತೆಗೆ ಚೇಚಿ, ಚೇಚಿಯ ಸೊಸೆ. ಕಪಾಟಿನ ಕೆಳಹಲಗೆಯಲ್ಲಿದ್ದ ಕಪ್ಪುಗಳಲ್ಲಿ ಉಳಿದದ್ದು ಆರು. ಒಂದೊಂದರಲ್ಲೂ ನುಣ್ಣನೆಯ ಮಣ್ಣು ತುಂಬಿತ್ತು. ಟೀಚರ್ ಅವನ್ನು ಬಾವಿಕಟ್ಟೆಯಲ್ಲಿ ತೊಳೆದು, ಬಿಸಿಲಿಗೆ ಬೋರಲಿಟ್ಟರು. ಈ ಕಪ್ಪುಗಳಲ್ಲಿ ಇವರಿಗೆ ಒಂದು ದಿನ ಕುಳಿತು ಚಹಾ ಕೊಡಬೇಕು ಎಂದು ಆವತ್ತೇ ಅಂದುಕೊಂಡಿದ್ದೆ. ಅದು ಕೈಗೂಡಲು ಇಷ್ಟು ವರ್ಷ ಬೇಕಾಯಿತು.

ಟೀಪಾಟಿನ ಹಿಂದೆ ಕುಳಿತಾಗ ಇನ್ನೊಂದು ನೆನಪೂ ಬಂತು. ಒಂದು ಕಿಲೋ ಚಹಾಕ್ಕೆ ನಾಲ್ಕರಿಂದ ಐದು ಕಿಲೋ ಹಸಿ ಎಲೆ ಬೇಕು. ಅದನ್ನು ಇಳಿಜಾರಿನಲ್ಲಿ ಇಡೀ ದಿನ ನಿಂತು ಕೀಳುವವರು ಹೆಂಗಸರು. 2015ರ ಸೆಪ್ಟೆಂಬರಿನಲ್ಲಿ ಮುನ್ನಾರಿನಲ್ಲಿ ಅವರು ಸಾವಿರಗಟ್ಟಲೆ ಸೇರಿ ರಸ್ತೆಯಲ್ಲಿ ಕುಳಿತರು. 'ಪೆಂಬಿಳೈ ಒರುಮೈ', ಹೆಂಗಸರ ಒಗ್ಗಟ್ಟು. ಆಗ ಅವರ ದಿನಗೂಲಿ 232 ರೂಪಾಯಿ. ಸಂಘದ ಗಂಡಸು ಮುಂದಾಳುಗಳನ್ನೂ ದೂರ ಇಟ್ಟು, ಬೋನಸ್ಸಿಗಾಗಿ ತಾವೇ ಮಾತಾಡಿದರು, ಪಡೆದರು. ನನ್ನ ಎಲೆಯ ಪೊಟ್ಟಣದ ಮೇಲೆ ತೋಟದ ಹೆಸರಿತ್ತು, ಕಿತ್ತವರ ಹೆಸರಿರಲಿಲ್ಲ. ಈ ಕತೆಯನ್ನು ಮೇಜಿನಲ್ಲಿ ಹೇಳಿದೆ. ಚೇಚಿಯ ಸೊಸೆಗೆ ಆ ದಿನಗಳು ಚೆನ್ನಾಗಿ ನೆನಪಿದ್ದವು. ಅರ್ಧ ಗಂಟೆ ಮಾತು ಅದರ ಸುತ್ತಲೇ ನಡೆಯಿತು. ಯಾರೂ ಒಳಗೆ ಎದ್ದು ಹೋಗಬೇಕಾಗಲಿಲ್ಲ.

ಕಾಸರಗೋಡಿನ ಬದಿಯಡ್ಕದಿಂದ ಬಂದಿದ್ದ ಅಮ್ಮ ಮಾತ್ರ ಕುರ್ಚಿಯ ತುದಿಯಲ್ಲೇ ಕುಳಿತಿದ್ದಳು. ಬೋನ್ ಚೈನಾದಲ್ಲಿ ಮೂಳೆಯ ಬೂದಿ ಇರುತ್ತದೆ ಎಂದು ನಾನೇ ಮೊದಲು ಹೇಳಿದ್ದೆ. ಹೇಳದೆ ಕೊಡುವುದು ಸರಿಯಲ್ಲ. ಅವಳು ತನ್ನ ಸ್ಟೀಲ್ ಲೋಟ ತಂದುಕೊಂಡಳು. ಕೇಕು ಮುಟ್ಟಲಿಲ್ಲ. ಸ್ಕೋನನ್ನು ಎರಡು ಮಾಡಿ, ಜಾಮು ಹಚ್ಚಿ, ಮೇಲೆ ಕೆನೆ ಇಟ್ಟು ತಿಂದಳು. ಮತ್ತೊಂದು ಕೇಳಿದಳು.

ಟೀಚರ ಕಪ್ಪು ಖಾಲಿಯಾದದ್ದು ಅವಳ ಕಣ್ಣಿಗೆ ಬಿತ್ತು. ತಕ್ಷಣ ಎದ್ದಳು, ಎಪ್ಪತ್ತು ವರ್ಷದ ರೂಢಿ. ಟೀಚರ್ ಅವಳ ಮುಂಗೈ ಹಿಡಿದು ಕೂರಿಸುತ್ತ, "ಇರಿಕ್ಕು ಅಮ್ಮೇ" ಎಂದರು.

ನಾನು ಎದ್ದು ನನ್ನ ಕುರ್ಚಿಯನ್ನು ಅಮ್ಮನಿಗೆ ಬಿಟ್ಟುಕೊಟ್ಟೆ. ಮಗಳು ಹೊಸ ನೀರೆರೆದ ಟೀಪಾಟು ತಂದಿಟ್ಟಳು. ಹೊರಗೆ ಮತ್ತೆ ಮಳೆ ಹಿಡಿಯಿತು. ಅಮ್ಮ ಟೀಪಾಟಿನ ಹಿಡಿಯನ್ನು ಒಂದು ಕೈಯಲ್ಲಿ ಹಿಡಿದು, ಮುಚ್ಚಳದ ಮೇಲೆ ಇನ್ನೊಂದು ಕೈ ಇಟ್ಟು, ಕುಳಿತಲ್ಲಿಂದಲೇ ಚೇಚಿಯ ಕಡೆ ತಿರುಗಿದಳು.

"ಆಸರಿಂಗೆ ಎಂತ ಆಯೆಕ್ಕು?"

ಮಾತು ತಿಳಿಯದ ಚೇಚಿ ಕಪ್ಪು ಮುಂದೆ ಚಾಚಿದರು.